ಕರಿಯುಸುಕು ಮತ್ತು ಕಾಂತದ ಇಕ್ಕಟ್ಟು

ಮುಂಗಾರಿನ ಮೊದಲ ಹೊನಲು ಇಳಿದು ಹಳ್ಳದ ಉಸುಕು ಇನ್ನೂ ಹಸಿಯಾಗಿರುವ ದಿನಗಳಲ್ಲಿ ನಮ್ಮೂರು ಕುಲಗೋಡದ ದಂಡೆಗುಂಟ ನಡೆದವರಿಗೆ, ಬೆಳ್ಳನೆಯ ಉಸುಕಿನ ಮೇಲೆ ಯಾರೋ ಕಾಡಿಗೆಯ ಬೆರಳಿನಿಂದ ತೀಡಿದಂತೆ ಬಳುಕುತ್ತ ಹೋಗುವ ಕಪ್ಪು ಗೆರೆಗಳು ಕಣ್ಣಿಗೆ ಬೀಳದೆ ಇರಲಾರವು. ಬಾಲ್ಯದಲ್ಲಿ ನಾವು, ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಬಿಡಿಸಿಕೊಂಡ ಬಳೆಯಾಕಾರದ ಅಯಸ್ಕಾಂತಕ್ಕೆ ದಾರ ಕಟ್ಟಿ, ಅದನ್ನು ಎತ್ತಿನಂತೆ ಎಳೆದುಕೊಂಡು ಆ ಗೆರೆಗಳ ಮೇಲೆ ಹಾಯಿಸುತ್ತಿದ್ದೆವು. ಹತ್ತು ಮಾರು ಹೋಗುವಷ್ಟರಲ್ಲಿ ಅದಕ್ಕೆ ಕರಿಯ ಗಡ್ಡವೊಂದು ಮೂಡಿಬಿಡುತ್ತಿತ್ತು. ಆ ಗಡ್ಡವನ್ನು ಬೋಳಿಸಿ ಕಡ್ಡಿಪೆಟ್ಟಿಗೆಯಲ್ಲಿ ತುಂಬಿಟ್ಟು, ಹಾಳೆಯ ಮೇಲೆ ಸುರಿದು, ಅಡಿಯಿಂದ ಕಾಂತವನ್ನಾಡಿಸಿ ಅದು ಮುಳ್ಳುಹಂದಿಯಂತೆ ನೆಟ್ಟಗೆ ನಿಲ್ಲುವುದನ್ನು ನೋಡುವ ಆನಂದಕ್ಕೆ ಆ ಕಾಲದಲ್ಲಿ ಸಮನಾದುದು ನನಗೆ ಬೇರೊಂದಿರಲಿಲ್ಲ. ಇದೇಕೆ ಹೀಗೆ ಎಂದು ಕೇಳಿದಾಗ ಹಿರಿಯರು ಕೊಟ್ಟ ಉತ್ತರ ಒಂದೇ: ಅದರಲ್ಲಿ ಕಬ್ಬಿಣವುಂಟು, ಕಬ್ಬಿಣವನ್ನು ಲೋಹಚುಂಬಕ ಸೆಳೆಯುತ್ತದೆ.

ಉತ್ತರ ಸುಳ್ಳಲ್ಲ, ಆದರೆ ಅದು ಸಾಲದು. ಮನೆಯ ಅಂಗಳಕ್ಕೆ ಕಾರಣೆ ಬರೆಯುವ ಕೆಮ್ಮಣ್ಣಿನ ಕೆಂಪು ಬಂದಿರುವುದೂ ಕಬ್ಬಿಣದಿಂದಲೇ. ಅಲ್ಲಿಯೂ ಕಬ್ಬಿಣ ಆಮ್ಲಜನಕದೊಡನೆ ಕೂಡಿಕೊಂಡಿದೆ, ಹಳ್ಳದ ಕರಿಯುಸುಕಿನಲ್ಲಿಯೂ ಅದು ಆಮ್ಲಜನಕದೊಡನೆಯೇ ಕೂಡಿಕೊಂಡಿದೆ. ಆದರೂ ಕೆಮ್ಮಣ್ಣಿನ ಮೇಲೆ ಎಷ್ಟು ಸಲ ಹಾಯಿಸಿದರೂ ಆ ಸ್ಪೀಕರಿನ ಬಳೆಗೆ ಗಡ್ಡ ಮೂಡುವುದಿಲ್ಲ. ಧಾತುಗಳು ಅವೇ ಆಗಿದ್ದು ಗುಣ ಬೇರೆಯಾಗುವುದಾದರೆ, ಗುಣದ ನೆಲೆಯನ್ನು ಧಾತುಗಳ ಹೆಸರಿನಲ್ಲಿ ಹುಡುಕುವುದು ವ್ಯರ್ಥವೆಂದೂ, ಅವು ಒಂದರ ಪಕ್ಕದಲ್ಲೊಂದು ಎಷ್ಟು ಮಂದಿಯಾಗಿ, ಯಾವ ಕೋನದಲ್ಲಿ, ಯಾವ ದೂರದಲ್ಲಿ ಕುಳಿತಿವೆ ಎಂಬ ವಿನ್ಯಾಸದಲ್ಲಿ ಹುಡುಕಬೇಕೆಂದೂ ಒಪ್ಪಲೇಬೇಕಾಗುತ್ತದೆ. ದ್ರವ್ಯಗಳ ರಚನೆಯನ್ನೂ ಕಾಂತತ್ವವನ್ನೂ ಒಟ್ಟಿಗೆ ಶೋಧಿಸುವ ಭೌತವಿಜ್ಞಾನಿಗಳ ಪರಿಶ್ರಮವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಈ ಪರಿಶ್ರಮಕ್ಕೆ ನಾವು, ಹಳ್ಳಿಗಾಡಿನ ಕನ್ನಡಿಗರೂ ಸೇರಿದಂತೆ, ಫಲದ ಲೆಕ್ಕ ಕೇಳುವುದಕ್ಕೆ ಮೊದಲೇ ಗೌರವವನ್ನೂ ಅವಧಾನವನ್ನೂ ಕೊಡಬೇಕೆಂಬುದು ನನ್ನ ವಾದ. ಆ ವಾದವನ್ನು ಕರಿಯುಸುಕಿನಿಂದಲೇ ಆರಂಭಿಸುವುದು ಉಚಿತವಾಗಿ ತೋರುತ್ತದೆ.

ಆ ಉಸುಕಿನ ಹೆಸರು ಮ್ಯಾಗ್ನೆಟೈಟ್. ದಖ್ಖನಿನ ಎರೆನೆಲಕ್ಕೆ ತಾಯಿಯಾದ ಕಪ್ಪುಶಿಲೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಲಾವಾರಸವಾಗಿ ಹರಿದು ಆರಿದಾಗ, ಅದರ ಗರ್ಭದಲ್ಲಿ ಈ ಕಣಗಳು ಹರಳುಗಟ್ಟಿದುವು. ಆರುವಾಗ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಆ ದಿಕ್ಕನ್ನು ಅವು ಇಂದಿಗೂ ಮರೆತಿಲ್ಲವಾದ್ದರಿಂದ, 1950ರ ದಶಕದಲ್ಲಿ ದಖ್ಖನಿನ ಕಲ್ಲುಗಳನ್ನು ಅಳೆದ ವಿದ್ವಾಂಸರು, ಆ ಕಾಲದಲ್ಲಿ ಭಾರತವು ಭೂಮಧ್ಯರೇಖೆಯ ದಕ್ಷಿಣಕ್ಕೆ ಇದ್ದಿತೆಂಬ ವಿಸ್ಮಯಕರ ಸಂಗತಿಯನ್ನು ಅವುಗಳ ಬಾಯಿಂದ ಹೊರಡಿಸಿದರು. ಮ್ಯಾಗ್ನೆಟೈಟಿನ ಹರಳಿನೊಳಗೆ ಅಣುಗಳು ಹೇಗೆ ಕುಳಿತಿವೆ ಎಂಬುದನ್ನು ಕ್ಷಕಿರಣಗಳ ನೆರವಿನಿಂದ 1915ರಲ್ಲಿ ತೋರಿಸಿದವರು ವಿಲಿಯಂ ಹೆನ್ರಿ ಬ್ರ್ಯಾಗ್. ಆ ಹರಳಿನಲ್ಲಿ ಕಬ್ಬಿಣಕ್ಕೆ ಎರಡು ಬಗೆಯ ಮನೆಗಳಿವೆ: ನಾಲ್ಕು ಆಮ್ಲಜನಕಗಳು ಸುತ್ತುಗಟ್ಟಿದ ಮನೆ ಒಂದು, ಆರು ಆಮ್ಲಜನಕಗಳು ಸುತ್ತುಗಟ್ಟಿದ ಮನೆ ಇನ್ನೊಂದು. ಮೊದಲನೆಯ ಬಗೆಯ ಒಂದು ಮನೆಗೆ ಎರಡನೆಯ ಬಗೆಯ ಎರಡು ಮನೆಗಳು ಎಂಬ ಲೆಕ್ಕದಲ್ಲಿ ಇಡೀ ಹರಳು ಕಟ್ಟಿಕೊಂಡಿದೆ.

ಈಗ ಒಂದು ಸಣ್ಣ ಲೆಕ್ಕ. ಮ್ಯಾಗ್ನೆಟೈಟಿನ ಒಂದು ಘಟಕದಲ್ಲಿ ಕಬ್ಬಿಣದ ಮೂರು ಅಯಾನುಗಳುಂಟು. ಅವುಗಳಲ್ಲಿ ಎರಡಕ್ಕೆ ಬೋರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ 5ರಂತೆ, ಒಂದಕ್ಕೆ 4ರಂತೆ ಕಾಂತಬಲವುಂಟು. ಮೂರೂ ಒಂದೇ ದಿಕ್ಕಿಗೆ ಮುಖಮಾಡಿದ್ದರೆ ಒಟ್ಟು 14 ದೊರೆಯಬೇಕು. ಅಳೆದು ನೋಡಿದವರಿಗೆ ದೊರೆತುದು 4.1. ಹತ್ತು ಪಾಲು ಎಲ್ಲಿ ಹೋಯಿತು? ಈ ಪ್ರಶ್ನೆಗೆ 1948ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಕೊಟ್ಟ ಸಮಾಧಾನವು ಅದರ ಸರಳತೆಯಿಂದಲೇ ಮನಸ್ಸನ್ನು ಸೆರೆಹಿಡಿಯುತ್ತದೆ: ಮೊದಲ ಬಗೆಯ ಮನೆಯಲ್ಲಿರುವ ಕಬ್ಬಿಣವು ಎರಡನೆಯ ಬಗೆಯ ಮನೆಗಳಲ್ಲಿರುವ ಕಬ್ಬಿಣಕ್ಕೆ ವಿಮುಖವಾಗಿ ನಿಲ್ಲುತ್ತದೆ, ಒಂದು 5 ಇನ್ನೊಂದು 5ನ್ನು ನುಂಗಿಹಾಕುತ್ತದೆ, ಉಳಿಯುವುದು 4. ನಾವು ಬಾಲ್ಯದಲ್ಲಿ ಕಡ್ಡಿಪೆಟ್ಟಿಗೆಯಲ್ಲಿ ತುಂಬಿಟ್ಟ ಶಕ್ತಿಯೆಲ್ಲವೂ, ಪರಸ್ಪರ ವಿರೋಧಿಸಿ ನಿಂತ ಎರಡು ಬಣಗಳ ನಡುವೆ ಸರಿಹೋಗದೆ ಉಳಿದ ಶೇಷಮಾತ್ರವೆಂದು ತಿಳಿದ ದಿನ ನನಗಾದ ರೋಮಾಂಚವನ್ನು ನಾನು ಇಂದಿಗೂ ಮರೆಯಲಾರೆ. 1951ರಲ್ಲಿ ಶಲ್ ಮತ್ತು ಸಂಗಡಿಗರು ನ್ಯೂಟ್ರಾನುಗಳನ್ನು ಈ ಹರಳಿನೊಳಕ್ಕೆ ಕಳುಹಿಸಿ ನೀಲನ ಚಿತ್ರವು ಸತ್ಯವೆಂದು ಕಂಡುಕೊಂಡರು. 1970ರಲ್ಲಿ ನೀಲನಿಗೆ ನೊಬೆಲ್ ಪುರಸ್ಕಾರ ಬಂದಿತು.

ನ್ಯೂಟ್ರಾನಿನ ಮಾತು ಬಂದುದರಿಂದ ಅದರ ವಿಷಯವಾಗಿ ಎರಡು ವಾಕ್ಯ. ಕ್ಷಕಿರಣವು ಅಣುಗಳು ಎಲ್ಲಿ ಕುಳಿತಿವೆ ಎಂಬುದನ್ನು ಹೇಳಬಲ್ಲುದು. ಸ್ವತಃ ಒಂದು ಪುಟ್ಟ ಕಾಂತವಾಗಿರುವ ನ್ಯೂಟ್ರಾನು, ಅವು ಯಾವ ದಿಕ್ಕಿಗೆ ಮುಖಮಾಡಿವೆ ಎಂಬುದನ್ನೂ ಕೂಡಿಸಿ ಹೇಳುತ್ತದೆ. ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದುದು ಮುಂಬಯಿಯ ಟ್ರಾಂಬೆಯಲ್ಲಿ, 1956ರ ಅಪ್ಸರಾ ರಿಯಾಕ್ಟರಿನಿಂದ ಮೊದಲ್ಗೊಂಡು 1985ರ ಧ್ರುವದವರೆಗೆ.

ಇಷ್ಟಾದರೂ ಮೂಲಪ್ರಶ್ನೆ ಉಳಿದೇ ಇದೆ: ಅಣುಗಳು ಒಂದರ ಮುಖ ಇನ್ನೊಂದು ನೋಡುವುದಾದರೂ ಏತಕ್ಕೆ? ನ್ಯೂಟನ್ನನ ಪರಂಪರೆಯ ಭೌತಶಾಸ್ತ್ರಕ್ಕೆ ಈ ಪ್ರಶ್ನೆಗೆ ಉತ್ತರವಿಲ್ಲದಿರುವುದಷ್ಟೇ ಅಲ್ಲದೆ, ಕಾಂತವೆಂಬುದು ಇರುವುದಕ್ಕೇ ಆ ಶಾಸ್ತ್ರದಲ್ಲಿ ಅವಕಾಶವಿಲ್ಲವೆಂದು 1911ರಲ್ಲಿ ನೀಲ್ಸ್ ಬೋರನೂ, ಸ್ವತಂತ್ರವಾಗಿ 1919ರಲ್ಲಿ ಹಾಲೆಂಡಿನ ವಿದುಷಿ ವ್ಯಾನ್ ಲ್ಯೂವೆನಳೂ ಗಣಿತದಿಂದ ಸಿದ್ಧಪಡಿಸಿದರು. ಪಕ್ಕಪಕ್ಕದ ಎರಡು ಅಣುಗಳು ಎರಡು ಸಣ್ಣ ಕಾಂತಗಳಂತೆ ಒಂದನ್ನೊಂದು ಸೆಳೆಯುವ ಬಲವನ್ನೇ ನಂಬಿದ್ದರೆ, ಕಬ್ಬಿಣವು ನಿರಪೇಕ್ಷ ಶೂನ್ಯಕ್ಕೆ ಒಂದೆರಡು ಡಿಗ್ರಿಗಳಷ್ಟು ಸಮೀಪದಲ್ಲಿ ಮಾತ್ರ ಕಾಂತವಾಗಿರಬೇಕಾಗಿತ್ತು. ವಾಸ್ತವದಲ್ಲಿ ಅದು ತನ್ನ ಕಾಂತತ್ವವನ್ನು ನೀಗುವುದು 1043 ಕೆಲ್ವಿನ್ನಿನಲ್ಲಿ, ಅಂದರೆ ಕುಲುಮೆಯಲ್ಲಿ ಕೆಂಪಗೆ ಕಾದಮೇಲೆ. ಎಲೆಕ್ಟ್ರಾನುಗಳ ನಡುವಣ ವಿದ್ಯುದ್ವಿಕರ್ಷಣೆಯೂ, ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಕೂಡದೆಂಬ ಕ್ವಾಂಟಂ ನಿಯಮವೂ ಕೂಡಿ ಈ ಮಹಾಬಲವನ್ನು ಹುಟ್ಟಿಸುತ್ತವೆಂದು 1928ರಲ್ಲಿ ಹೈಸೆನ್‌ಬರ್ಗನು ತೋರಿಸಿಕೊಟ್ಟನು. ಆದುದರಿಂದ ಜಗತ್ತಿನಲ್ಲಿರುವ ಪ್ರತಿಯೊಂದು ಕಾಂತವೂ, ಮಕ್ಕಳ ಆಟಿಕೆಯೊಳಗಿನದೂ ಸಹ, ಕ್ವಾಂಟಂ ವಸ್ತುವೇ. ಹಾಗಿದ್ದೂ ಕೆಲವನ್ನೇ ಇಂದು ಕ್ವಾಂಟಂ ದ್ರವ್ಯಗಳೆಂದು ಪ್ರತ್ಯೇಕವಾಗಿ ಕರೆಯುವುದೇಕೆಂದರೆ, ಅವುಗಳಲ್ಲಿ ಅಸಂಖ್ಯ ಎಲೆಕ್ಟ್ರಾನುಗಳ ಕೂಡುಬಾಳಿನಿಂದ ಹೊಮ್ಮಿದ ನಡವಳಿಕೆಯನ್ನು ಒಂದೊಂದೇ ಎಲೆಕ್ಟ್ರಾನಿನ ನಡವಳಿಕೆಯಿಂದ ಊಹಿಸುವುದು ಅಸಾಧ್ಯ. ಹನಿಯನ್ನು ಬಲ್ಲವನು ಗೋಕಾವಿಯ ಜಲಪಾತವನ್ನು ಬಲ್ಲವನೆನ್ನಲಾಗದಷ್ಟೆ.

ಈ ಕೂಡುಬಾಳಿನ ಅತ್ಯಂತ ಸ್ವಾರಸ್ಯವಾದ ಅಧ್ಯಾಯಕ್ಕೆ ಈಗ ಬರುತ್ತೇನೆ. ಇಲ್ಲಿ ನನಗೆ ನಮ್ಮೂರೇ ನೆರವಾಗಬೇಕಾಗಿದೆ. ಮೂರು ಅಣುಗಳು ತ್ರಿಕೋನದ ಮೂರು ಮೂಲೆಗಳಲ್ಲಿ ಕುಳಿತಿವೆಯೆಂದೂ, ಪ್ರತಿಯೊಂದೂ ತನ್ನ ನೆರೆಯದಕ್ಕೆ ವಿಮುಖವಾಗಿರಲು ಬಯಸುತ್ತದೆಯೆಂದೂ, ಮೇಲೆ ಅಥವಾ ಕೆಳಗೆ ಎಂಬ ಎರಡೇ ದಿಕ್ಕುಗಳು ಅವಕ್ಕೆ ಲಭ್ಯವೆಂದೂ ಭಾವಿಸೋಣ. ಮೊದಲನೆಯದು ಮೇಲೆ ನೋಡಿದರೆ ಎರಡನೆಯದು ಕೆಳಗೆ ನೋಡುವುದು. ಮೂರನೆಯದು ಎತ್ತ ನೋಡಬೇಕು? ಮೇಲೆ ನೋಡಿದರೆ ಮೊದಲನೆಯದಕ್ಕೆ ಅಸಮಾಧಾನ. ಕೆಳಗೆ ನೋಡಿದರೆ ಎರಡನೆಯದಕ್ಕೆ. ಈ ಪರಿಸ್ಥಿತಿಗೆ ಇಂಗ್ಲಿಷಿನ ವಿಜ್ಞಾನಿಗಳು ಇಟ್ಟಿರುವ ಫ್ರಸ್ಟ್ರೇಶನ್ ಎಂಬ ಪದವನ್ನು ಕೆಲವರು ಹತಾಶೆಯೆಂದು ಕನ್ನಡಿಸುವುದನ್ನು ಕೇಳಿದ್ದೇನೆ. ಇದು ಸರಿಯಲ್ಲವೆಂದು ನಾನು ಒತ್ತಿ ಹೇಳಬಯಸುತ್ತೇನೆ. ಹತಾಶೆಯೆಂಬುದು ಆಸೆ ಸತ್ತವನ ಸ್ಥಿತಿ. ಆ ಮೂರನೆಯ ಅಣುವಿನ ಆಸೆ ಸತ್ತಿಲ್ಲ, ಎರಡು ಕಡೆಯ ಆಸೆಗಳೂ ಏಕಕಾಲದಲ್ಲಿ ಜೀವಂತವಾಗಿರುವುದೇ ಅದರ ಪಾಡು. ಇದಕ್ಕೆ ಕನ್ನಡದಲ್ಲಿ ಇಕ್ಕಟ್ಟು ಎಂಬ ಮಾತು ಸಿದ್ಧವಾಗಿಯೇ ಇದೆ. ಎರಡು ಕಟ್ಟಿಗೆ ಸಿಲುಕಿದವನ ಸ್ಥಿತಿಯನ್ನು ಅದಕ್ಕಿಂತ ಚೆನ್ನಾಗಿ ಯಾವ ಶಬ್ದವೂ ಹಿಡಿದಿಡಲಾರದು.

ಇಕ್ಕಟ್ಟೆಂಬುದನ್ನು ಕುಲಗೋಡದವರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಬಯಲಿನ ರಂಗಕ್ಕೆ ಒಗ್ಗಿಸಿ ಉತ್ತರ ಕರ್ನಾಟಕದ ಊರೂರಿಗೆ ಹಬ್ಬಿಸಿದ ತಮ್ಮಣ್ಣನ ಊರು ಇದು. ಆ ಆಟದಲ್ಲಿ ಹೆಸರಾದ ನಿಂಗಮ್ಮನ ಕೌಜಲಗಿ ಇಲ್ಲಿಗೆ ದೂರದ್ದಲ್ಲ. ನಾರದನು ತಂದ ಹೂ ಒಂದೇ; ಕೃಷ್ಣನಿಗೆ ಮೆಚ್ಚಿಸಬೇಕಾದವರು ಇಬ್ಬರು. ರುಕ್ಮಿಣಿಯ ಮುಡಿಗೆ ಅದು ಏರಿದರೆ ಭಾಮೆ ಮುನಿಯುತ್ತಾಳೆ. ಭಾಮೆಯ ಅಂಗಳದಲ್ಲಿ ಗಿಡವನ್ನೇ ನೆಟ್ಟರೆ ಹೂಗಳು ರುಕ್ಮಿಣಿಯ ಅಂಗಳದಲ್ಲಿ ಉದುರುತ್ತವೆ. ಯಾರನ್ನೂ ಪೂರ್ತಿ ತಣಿಸಲಾಗದ ಈ ಸ್ಥಿತಿಯೇ ದೂತಿಯ ಓಡಾಟಕ್ಕೂ, ಕೊರವಂಜಿಯ ವೇಷಕ್ಕೂ, ಬೆಳಗಿನ ಜಾವದವರೆಗೆ ನಡೆಯುವ ಮಾತಿನ ಮೇಲಾಟಕ್ಕೂ ಮೂಲ. ಹೂಗಳು ಎರಡಿದ್ದಿದ್ದರೆ ಅರ್ಧ ತಾಸಿನಲ್ಲಿ ಆಟ ಮುಗಿದು ಜನ ಮನೆಗೆ ಹೋಗುತ್ತಿದ್ದರು. ದ್ರವ್ಯದಲ್ಲಿಯೂ ಹೀಗೆಯೇ. ಎಲ್ಲ ಅಣುಗಳ ಬಯಕೆಯೂ ಈಡೇರುವ ಹರಳು ತಣ್ಣಗಾದೊಡನೆ ಒಂದು ಕ್ರಮಕ್ಕೆ ಬಂದು ಸ್ತಬ್ಧವಾಗುತ್ತದೆ. ಇಕ್ಕಟ್ಟಿನಲ್ಲಿರುವ ಹರಳು, ಸಮಾನವಾದ ಅಸಂಖ್ಯ ಸಾಧ್ಯತೆಗಳ ನಡುವೆ ಯಾವುದನ್ನೂ ನೆಚ್ಚಿ ನಿಲ್ಲಲಾರದೆ, ಅತಿಶೀತದಲ್ಲಿಯೂ ಹೊಸ ಹೊಸ ನಡವಳಿಕೆಗಳನ್ನು ಪ್ರಕಟಿಸುತ್ತದೆ.

ನಮ್ಮ ಕರಿಯುಸುಕಿನಲ್ಲಿಯೇ ಈ ಇಕ್ಕಟ್ಟಿನ ಬೀಜವಿದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು. ಆರು ಆಮ್ಲಜನಕಗಳ ನಡುವಣ ಮನೆಗಳನ್ನು ಮಾತ್ರ ಗೆರೆಗಳಿಂದ ಜೋಡಿಸುತ್ತ ಹೋದರೆ, ನಾಲ್ಕು ಮೂಲೆಗಳ ಚತುಷ್ಫಲಕಗಳು ದೊರೆಯುತ್ತವೆ. ಒಂದೊಂದು ಮೂಲೆಯೂ ಎರಡು ಚತುಷ್ಫಲಕಗಳಿಗೆ ಸಮಾನವಾಗಿದ್ದು, ಹೊಲದ ಬದುವಿನ ಕಲ್ಲು ಆಚೆಯವನಿಗೂ ಈಚೆಯವನಿಗೂ ಸೇರಿದಂತೆ ಇಡೀ ಹರಳನ್ನು ಹೆಣೆಯುತ್ತದೆ. ಮ್ಯಾಗ್ನೆಟೈಟನ್ನು ಸುಮಾರು 120 ಕೆಲ್ವಿನ್ನಿನವರೆಗೆ ತಣಿಸಿದರೆ ಅದರ ವಿದ್ಯುದ್ವಾಹಕತೆ ಥಟ್ಟನೆ ಕುಸಿಯುವುದನ್ನು 1939ರಲ್ಲಿ ಫರ್ವೇ ಎಂಬ ಡಚ್ ವಿಜ್ಞಾನಿ ವರದಿಮಾಡಿದನು. ಆ ಮನೆಗಳಲ್ಲಿ ಎರಡು ಬಗೆಯ ಕಬ್ಬಿಣದ ಅಯಾನುಗಳು ಹೇಗೆ ಹಂಚಿಕೊಂಡು ಕುಳಿತುಕೊಳ್ಳುತ್ತವೆ ಎಂಬುದನ್ನು ಕುರಿತ ವಾದ ಅಂದು ಆರಂಭವಾದುದು ಇಂದಿಗೂ ಸಂಪೂರ್ಣವಾಗಿ ತಣ್ಣಗಾಗಿಲ್ಲ. 1956ರಲ್ಲಿ ಫಿಲಿಪ್ ಆಂಡರ್ಸನ್ ಈ ಚತುಷ್ಫಲಕಗಳ ಜಾಲವನ್ನು ಪರಿಶೀಲಿಸಿ, ಪ್ರತಿ ಚತುಷ್ಫಲಕದಲ್ಲಿ ಎರಡು ಈ ಬಗೆಯವು, ಎರಡು ಆ ಬಗೆಯವು ಇರಬೇಕೆಂಬ ನಿಯಮವೊಂದನ್ನೇ ಪಾಲಿಸಿದರೂ ಅಸಂಖ್ಯ ವಿನ್ಯಾಸಗಳು ಉಳಿಯುತ್ತವೆಂದೂ, ಇದು ನೀರ್ಗಲ್ಲಿನ ಲೆಕ್ಕವನ್ನೇ ಹೋಲುತ್ತದೆಂದೂ ಗಮನಿಸಿದನು.

ನೀರ್ಗಲ್ಲಿನ ಲೆಕ್ಕವೆಂದರೇನು? ಮಂಜುಗಡ್ಡೆಯಲ್ಲಿ ಪ್ರತಿಯೊಂದು ಆಮ್ಲಜನಕದ ಸುತ್ತ ನಾಲ್ಕು ಜಲಜನಕಗಳಿದ್ದು, ಎರಡು ಅದಕ್ಕೆ ಸಮೀಪವಾಗಿಯೂ ಎರಡು ದೂರವಾಗಿಯೂ ಇರುತ್ತವೆ. ಯಾವ ಎರಡು ಎಂಬುದಕ್ಕೆ ನಿಯಮವಿಲ್ಲ. ಈ ನಿಯಮರಾಹಿತ್ಯದಿಂದ ಮಂಜುಗಡ್ಡೆಯು ಎಷ್ಟೇ ತಣ್ಣಗಾದರೂ ಅದರಲ್ಲಿ ಒಂದಿಷ್ಟು ಅವ್ಯವಸ್ಥೆ, ಅಂದರೆ ಎಂಟ್ರೊಪಿ, ಉಳಿದೇ ಉಳಿಯಬೇಕೆಂದು ಲೈನಸ್ ಪೌಲಿಂಗ್ 1935ರಲ್ಲಿ ಗಣಿಸಿದನು. ಮರುವರ್ಷ ಜಿಯಾಕ್ ಮತ್ತು ಸ್ಟೌಟ್ ಅಳೆದಾಗ ಅದು ಸರಿಹೊಂದಿತು. ಅರವತ್ತು ವರ್ಷಗಳ ತರುವಾಯ, 1997ರಲ್ಲಿ, ಹ್ಯಾರಿಸ್, ಬ್ರ್ಯಾಮ್‌ವೆಲ್ ಮೊದಲಾದವರು ಹೋಲ್ಮಿಯಂ ಟೈಟನೇಟ್ ಎಂಬ ಹರಳಿನಲ್ಲಿ ಇದೇ ನಿಯಮವನ್ನು ಕಾಂತಗಳು ಪಾಲಿಸುವುದನ್ನು ಕಂಡು, ಅದನ್ನು ಸ್ಪಿನ್ ಐಸ್ ಎಂದು ಕರೆದರು. ಅಲ್ಲಿಯೂ ಮೂಲೆ ಹಂಚಿಕೊಂಡ ಚತುಷ್ಫಲಕಗಳ ಅದೇ ಜಾಲ; ಮೂಲೆಯಲ್ಲಿ ಕುಳಿತ ಪ್ರತಿಯೊಂದು ಕಾಂತಕ್ಕೂ ಚತುಷ್ಫಲಕದ ಒಳಕ್ಕೆ ಅಥವಾ ಹೊರಕ್ಕೆ ಎಂಬ ಎರಡೇ ದಿಕ್ಕುಗಳು; ಎರಡು ಒಳಕ್ಕೆ, ಎರಡು ಹೊರಕ್ಕೆ ಎಂಬ ಒಂದೇ ನಿಯಮ.

ಇಲ್ಲಿ ಬೆಂಗಳೂರು ಕಥೆಯೊಳಕ್ಕೆ ಪ್ರವೇಶಿಸುತ್ತದೆ. ಹರಳೊಂದರಲ್ಲಿ ನಿಜವಾಗಿಯೂ ಪೌಲಿಂಗನ ಶೇಷ ಉಳಿದಿದೆಯೆ ಎಂಬುದನ್ನು ಅಳೆದು ತೋರಿಸಿದ ಪ್ರಬಂಧ 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಐವರು ಕರ್ತೃಗಳಲ್ಲಿ ರಮಿರೆಝ್, ಹಯಾಶಿ, ಕಾವಾ ಎಂಬ ಮೂವರು ಅಮೆರಿಕದಲ್ಲಿದ್ದು ಹರಳನ್ನು ಸಿದ್ಧಗೊಳಿಸಿ ಅಳೆದವರು. ಉಳಿದಿಬ್ಬರಾದ ರಾಹುಲ್ ಸಿದ್ಧಾರ್ಥನ್ ಮತ್ತು ಬಿ. ಶ್ರೀರಾಮ ಶಾಸ್ತ್ರಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಡಿಸ್ಪ್ರೋಸಿಯಂ ಟೈಟನೇಟ್ ಎಂಬ ಹರಳನ್ನು ನಿರಪೇಕ್ಷ ಶೂನ್ಯದಿಂದ ಒಂದು ಡಿಗ್ರಿಯ ಐದನೆಯ ಒಂದು ಪಾಲಿನಷ್ಟೇ ಮೇಲಿರುವ ಶೀತದಿಂದ 12 ಕೆಲ್ವಿನ್ನಿನವರೆಗೆ ಕಾಯಿಸುತ್ತ, ಅದು ಹೀರಿಕೊಂಡ ಶಾಖವನ್ನು ಆಯಾ ತಾಪದಿಂದ ಭಾಗಿಸಿ ಕೂಡಿಸುತ್ತ ಹೋದಾಗ, ಇಕ್ಕಟ್ಟಿಲ್ಲದ ಕಾಂತಗಳಿಗೆ ಸಲ್ಲಬೇಕಾದ 5.76 ಎಂಬ ಎಂಟ್ರೊಪಿಯ ಮೊತ್ತ ಕೈಗೆ ಹತ್ತಲಿಲ್ಲ. ಕಡಿಮೆ ಬಿದ್ದುದು ಪೌಲಿಂಗನು ಮಂಜುಗಡ್ಡೆಗಾಗಿ ಹಾಕಿದ ಸೂತ್ರ ಕೊಡುವ 1.7ರ ಹತ್ತಿರಹತ್ತಿರವೇ ಇತ್ತು. ಖರ್ಚುವೆಚ್ಚದ ಖಾತೆಯಲ್ಲಿ ಎಷ್ಟು ಕಡಿಮೆ ಬೀಳಬೇಕೆಂಬುದನ್ನು ಮೊದಲೇ ಹೇಳಿ, ಅಷ್ಟೇ ಕಡಿಮೆ ಬಿದ್ದುದನ್ನು ತೋರಿಸಿಕೊಡುವ ಕರಣಿಕನಿಗೆ ನಾವು ಎಷ್ಟು ಗೌರವ ಸಲ್ಲಿಸಬೇಕೋ ಅಷ್ಟು ಗೌರವಕ್ಕೆ ಈ ಲೆಕ್ಕ ಅರ್ಹವಾದುದು. ಇದೇ ಶಾಸ್ತ್ರಿಯವರು 1981ರಲ್ಲಿ ಸದರ್ಲೆಂಡರೊಡನೆ, ಇಕ್ಕಟ್ಟಿಗೆ ಸಿಲುಕಿದ ಕಾಂತಗಳ ಒಂದು ಜಾಲವನ್ನು ಕೇವಲ ಕಾಗದದ ಮೇಲೆ ಕಲ್ಪಿಸಿ ಅದರ ನೆಲಸ್ಥಿತಿಯನ್ನು ಕರಾರುವಾಕ್ಕಾಗಿ ಬಿಡಿಸಿದ್ದರು; ಅಂಥದೇ ವಿನ್ಯಾಸವುಳ್ಳ ಸ್ಟ್ರಾನ್ಶಿಯಂ-ತಾಮ್ರ-ಬೋರೇಟ್ ಹರಳಿನ ಕಾಂತತ್ವವನ್ನು ಜಪಾನಿನ ಕಾಗೆಯಾಮ ಮತ್ತು ಸಂಗಡಿಗರು ಪ್ರಕಟಿಸುವ ಹೊತ್ತಿಗೆ ಹದಿನೆಂಟು ವರ್ಷ ಕಳೆದು 1999 ಬಂದಿತ್ತು. ಹದಿನೆಂಟು ವರ್ಷ ಕಾಯುವ ತಾಳ್ಮೆಯನ್ನು ನಮ್ಮಲ್ಲಿ ಎಷ್ಟು ಮಂದಿ ತೋರಬಲ್ಲೆವು?

ಬಾಲ್ಯದಲ್ಲಿ ನಮ್ಮ ಕಾಂತ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾದ ದಿನ, ಒಂದು ಹೋಳಿಗೆ ಉತ್ತರವೂ ಇನ್ನೊಂದಕ್ಕೆ ದಕ್ಷಿಣವೂ ಸಿಕ್ಕಿತೆಂದು ಹಿಗ್ಗಿದ್ದ ನಾವು, ಎರಡೂ ಹೋಳುಗಳಿಗೆ ಎರಡೆರಡು ಧ್ರುವಗಳಿರುವುದನ್ನು ಕಂಡು ಮತ್ತೆ ಒಡೆದೆವು, ಮತ್ತೆಯೂ ಒಡೆದೆವು. ಒಂಟಿ ಧ್ರುವ ದೊರೆಯಲಿಲ್ಲ. ಜಗತ್ತಿನಲ್ಲಿ ಇದುವರೆಗೆ ಒಂಟಿ ಧ್ರುವದ ಮೂಲಕಣವೊಂದು ಯಾರಿಗೂ ಖಚಿತವಾಗಿ ದೊರೆತಿಲ್ಲ. ಆದರೆ ಸ್ಪಿನ್ ಐಸಿನಲ್ಲಿ ಒಂದೇ ಒಂದು ಕಾಂತ ತಿರುಗಿಬಿದ್ದರೆ, ಒಂದು ಚತುಷ್ಫಲಕದಲ್ಲಿ ಮೂರು ಒಳಕ್ಕಾಗುತ್ತವೆ, ನೆರೆಯದರಲ್ಲಿ ಮೂರು ಹೊರಕ್ಕಾಗುತ್ತವೆ; ಮುಂದಿನ ಕಾಂತಗಳು ಒಂದೊಂದಾಗಿ ತಿರುಗುತ್ತ ಹೋದಂತೆ ಈ ಎರಡು ವೈಷಮ್ಯಗಳು ಒಂದರಿಂದೊಂದು ಅಗಲಿ, ಒಂದು ಉತ್ತರಧ್ರುವದಂತೆಯೂ ಇನ್ನೊಂದು ದಕ್ಷಿಣಧ್ರುವದಂತೆಯೂ ಹರಳಿನೊಳಗೆ ಬೇರೆಬೇರೆಯಾಗಿ ಸಂಚರಿಸಬಲ್ಲವೆಂದು 2008ರಲ್ಲಿ ಕಾಸ್ತೆಲ್‌ನೋವೊ, ಮೋಸ್ನರ್, ಸೋಂಧಿ ಎಂಬ ಮೂವರು ಪ್ರತಿಪಾದಿಸಿದರು. ಒಂದೊಂದು ಕಾಂತಕ್ಕೂ ಎರಡು ಧ್ರುವಗಳಿವೆ. ಅವುಗಳ ಸಮೂಹದಲ್ಲಿ ಮಾತ್ರ ಧ್ರುವಗಳು ಬೇರ್ಪಡುತ್ತವೆ. ಒಡೆಯುವುದರಿಂದ ದೊರೆಯದುದು ಜೋಡಿಸುವುದರಿಂದ ದೊರೆಯಿತು.

ಇಷ್ಟನ್ನು ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ವಿವರಿಸುತ್ತಿರುವಾಗ ಕಬ್ಬಿನ ಬೆಳೆಗಾರರೊಬ್ಬರು ಕೇಳಿದರು: “ಎಲ್ಲಾ ಖರೆ ಕಾಕಾ, ಆದರ ಇದರಿಂದ ನಮ್ಮ ಹೊಲಕ್ಕ ಏನ ಬಂತು?” ಈ ಪ್ರಶ್ನೆಯನ್ನು ನಾನು ಲಘುವಾಗಿ ಎಣಿಸುವವನಲ್ಲ, ಸಾರ್ವಜನಿಕ ದ್ರವ್ಯದಿಂದ ನಡೆಯುವ ಯಾವ ವಿದ್ಯೆಯನ್ನಾದರೂ ಹೀಗೆ ಕೇಳುವ ಅಧಿಕಾರ ರೈತನಿಗೆ ಉಂಟು. ಉತ್ತರವಾಗಿ ನಾನು ಡಿಸ್ಪ್ರೋಸಿಯಮ್ಮಿನ ಹೆಸರು ಹೇಳಬಹುದಾಗಿತ್ತು: ವಿದ್ಯುತ್ ವಾಹನಗಳ ಮೋಟಾರಿನೊಳಗಿನ ಕಾಂತಗಳು ಕಾವಿಗೆ ಸೋಲದಂತೆ ಮಾಡಲು ಅದೇ ಧಾತುವನ್ನು ಬೆರೆಸುತ್ತಾರೆ. ಆದರೆ ಅದು ಪ್ರಾಮಾಣಿಕವಾದ ಉತ್ತರವಾಗುತ್ತಿರಲಿಲ್ಲ. ಸ್ಪಿನ್ ಐಸಿನಿಂದ ಯಾವ ಮೋಟಾರೂ ತಿರುಗುವುದಿಲ್ಲ, ಮುಂದೆ ತಿರುಗೀತೆಂದು ಆಣೆಯಿಟ್ಟು ಹೇಳಲು ನಾನು ಸಿದ್ಧನಿಲ್ಲ. ನಾನು ಅವರಿಗೆ ತೋರಿಸಿದುದು ಅವರದೇ ಹೊಲದ ಕಂಬದ ಮೇಲಿನ ಟಿ.ಸಿ.ಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು. ಅದರ ಹೊಟ್ಟೆಯೊಳಗಿನ ತಗಡು ಸಿಲಿಕಾನ್ ಬೆರೆಸಿದ ಉಕ್ಕು. ಉಕ್ಕಿನೊಳಗಿನ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮಲಗುವಂತೆ ಉರುಳೆಗಳ ನಡುವೆ ಒತ್ತಿ ಕಾಯಿಸುವ ಉಪಾಯವನ್ನು ನಾರ್ಮನ್ ಗಾಸ್ ಎಂಬಾತನು 1934ರಲ್ಲಿ ಪೇಟೆಂಟ್ ಮಾಡಿಸಿದ ಮೇಲೆ, ಟಿ.ಸಿ.ಗಳಲ್ಲಿ ವ್ಯರ್ಥವಾಗಿ ಕಾವಾಗಿ ಹೋಗುತ್ತಿದ್ದ ವಿದ್ಯುತ್ತು ಬಹಳಷ್ಟು ಉಳಿಯಿತು. ಕಬ್ಬಿಣದ ಹರಳು ಒಂದು ದಿಕ್ಕಿಗೆ ಸುಲಭವಾಗಿ ಕಾಂತವಾಗುತ್ತದೆ, ಇನ್ನೊಂದು ದಿಕ್ಕಿಗೆ ಪ್ರಯಾಸದಿಂದ ಆಗುತ್ತದೆ ಎಂಬುದನ್ನು ಅದಕ್ಕೆ ಮೊದಲು ಅಳೆದವರು ಯಾರೂ ಟಿ.ಸಿ.ಯ ಸಲುವಾಗಿ ಅಳೆದಿರಲಿಲ್ಲ. ವಿನ್ಯಾಸದ ಜ್ಞಾನ ಮೊದಲು. ಉಪಯೋಗ ಯಾವಾಗಲೋ, ಯಾರ ಕೈಯಿಂದಲೋ.

ಇದಕ್ಕೆ ಇನ್ನೂ ಸಮೀಪದ ನಿದರ್ಶನವೊಂದು ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನಲ್ಲಿ 1934ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ಸಿ.ಎನ್.ಆರ್. ರಾಯರು 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಘನಸ್ಥಿತಿ ಮತ್ತು ರಚನಾ ರಸಾಯನದ ವಿಭಾಗವನ್ನು ಕಟ್ಟಿದರು. ಅವರೂ ಗಂಗೂಲಿಯವರೂ ಪದರಪದರವಾಗಿ ಹರಳುಗಟ್ಟುವ ಲೋಹದ ಆಕ್ಸೈಡುಗಳ ರಚನೆ ಮತ್ತು ಕಾಂತತ್ವಗಳನ್ನು ಅಭ್ಯಸಿಸುತ್ತಿದ್ದ ಕಾಲದಲ್ಲಿ, ಲ್ಯಾಂಥನಂ-ತಾಮ್ರದ ಆಕ್ಸೈಡಿನಲ್ಲಿ ಜಗತ್ತಿಗೆ ಆಸಕ್ತಿಯೇ ಇರಲಿಲ್ಲ. 1986ರಲ್ಲಿ ಬೆಡ್ನೋರ್ತ್ಸ್ ಮತ್ತು ಮ್ಯೂಲರ್ ಅದೇ ಕುಟುಂಬದ ದ್ರವ್ಯದಲ್ಲಿ ಅಲ್ಲಿಯವರೆಗೆ ಯಾರೂ ಕಾಣದಷ್ಟು ಉನ್ನತ ತಾಪದ ಅತಿವಾಹಕತೆಯನ್ನು ಕಂಡಾಗ, ಲೋಕವೆಲ್ಲ ಆ ಹಳೆಯ ಪ್ರಬಂಧಗಳತ್ತ ತಿರುಗಿತು. ಮರುವರ್ಷವೇ ಬೆಂಗಳೂರಿನ ಈ ಬಳಗವೂ ಹೊಸ ಅತಿವಾಹಕಗಳ ರಚನೆಯನ್ನು ಕುರಿತು ಬರೆಯಲು ಶಕ್ತವಾಯಿತು. ಬಾವಿ ತೋಡಿಟ್ಟವರಿಗೆ ಮಾತ್ರ ಬರಗಾಲದಲ್ಲಿ ನೀರು ಸಿಕ್ಕುತ್ತದೆ. ಬರ ಬಂದ ಮೇಲೆ ತೋಡಹೊರಟವರಿಗೆ ಅದು ಸಿಕ್ಕುವುದು ಸಂಶಯ.

ಇನ್ನೊಂದು ಆಕ್ಷೇಪವಿದೆ, ಅದು ಬೆಳೆಗಾರರಿಂದ ಬಂದುದಲ್ಲ, ಓದಿದವರಿಂದ ಬಂದುದು, ನನಗೆ ಹೆಚ್ಚು ನೋವುಂಟುಮಾಡುವುದೂ ಅದೇ. ಇಂಥ ವಿಷಯಗಳು ಬೆಂಗಳೂರಿಗೂ ಇಂಗ್ಲಿಷಿಗೂ ಸಲ್ಲತಕ್ಕವು, ಹಳ್ಳಿಯ ಮಕ್ಕಳ ತಲೆಗೆ ಹತ್ತಲಾರವು, ಕನ್ನಡಕ್ಕೆ ಆ ಶಕ್ತಿಯೂ ಇಲ್ಲ ಎಂಬುದು ಆ ಆಕ್ಷೇಪ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಸಂಗಡಿಗರೊಡನೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದುದು 1918ರಲ್ಲಿ, ಕನ್ನಡದ ಶಕ್ತಿಯ ಪ್ರಶ್ನೆಗೆ ಅಂದೇ ಉತ್ತರ ದೊರೆತಿದೆ. ನೂರು ವರ್ಷ ಕಳೆದ ಮೇಲೆಯೂ ಅದೇ ಪ್ರಶ್ನೆಯನ್ನು ಕೇಳುವುದಾದರೆ, ಕುಂದು ಭಾಷೆಯದಲ್ಲ, ಅದನ್ನು ದುಡಿಸಿಕೊಳ್ಳದ ನಮ್ಮದು. ಮಕ್ಕಳ ತಲೆಯ ವಿಷಯವಾಗಿ ನಾನು ತರ್ಕ ಹೂಡುವುದಿಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ಪಡಸಾಲೆಯಲ್ಲಿ ನಡೆದುದನ್ನು ಹೇಳುತ್ತೇನೆ.

ರಾತ್ರಿ ನೆನೆಹಾಕಿದ ಕಡಲೆಕಾಳನ್ನೂ ಕಸಬರಿಗೆಯ ಕಡ್ಡಿಗಳನ್ನೂ ಮುಂದಿಟ್ಟುಕೊಂಡು ಏಳನೆಯ ಇಯತ್ತೆಯ ಮೊಮ್ಮಗಳಿಗೆ ಚತುಷ್ಫಲಕ ಕಟ್ಟುವುದನ್ನು ತೋರಿಸಿದೆ: ನಾಲ್ಕು ಕಾಳು, ಆರು ಕಡ್ಡಿ. ಕಡಲೆಕಾಳಿಗೆ ದೇವರೇ ಒಂದು ಮೂಗನ್ನು ಕೊಟ್ಟಿರುವುದರಿಂದ ಬಾಣದ ಗುರುತು ಹಾಕುವ ಶ್ರಮವೂ ಇರಲಿಲ್ಲ; ಮೂಗು ಒಳಕ್ಕೆ ತಿರುಗಿದರೆ ಒಳಮುಖ, ಹೊರಕ್ಕೆ ತಿರುಗಿದರೆ ಹೊರಮುಖ. ಕಾಳುಗಳನ್ನು ಕಿತ್ತು ತಿರುಗಿಸಿ ಚುಚ್ಚುತ್ತ ಅವಳು ಎಣಿಸಿದಳು. ಒಟ್ಟು ಹದಿನಾರು ಬಗೆ, ಅವುಗಳಲ್ಲಿ ಎರಡು ಒಳಕ್ಕೆ ಎರಡು ಹೊರಕ್ಕೆ ಇರುವವು ಆರು. ಇದೇ ಆರು-ಹದಿನಾರರ ಪ್ರಮಾಣದಿಂದ ಪೌಲಿಂಗನು ತನ್ನ ಶೇಷವನ್ನು ಗಣಿಸಿದನೆಂದು ನಾನು ಹೇಳಿದುದು ಅವಳ ಕಿವಿಗೆ ಬಿದ್ದಿತೋ ಇಲ್ಲವೋ. ಅವಳು ಆಗಲೇ ಒಂದು ಮೂಲೆಯ ಕಾಳಿಗೆ ಇನ್ನೂ ಮೂರು ಕಡ್ಡಿ ಚುಚ್ಚಿ, ಎರಡನೆಯ ಚತುಷ್ಫಲಕವನ್ನು ಕಟ್ಟತೊಡಗಿದ್ದಳು. “ಅಜ್ಜಾ, ಈ ನಡುವಿನ ಕಾಳು ಈ ಕಡೆಗೆ ಒಳಗ ನೋಡಿದರ ಆ ಕಡೆಗೆ ಹೊರಗ ನೋಡಿದಂಗಾತಲ್ಲ?” ಎಂದಳು. ಹೌದೆಂದೆ. ಬಹಳ ಹೊತ್ತು ಸದ್ದಿಲ್ಲ. ತುಟಿಗಳು ಮಾತ್ರ ಅಲುಗುತ್ತಿದ್ದುವು. ಏಳು ಕಾಳುಗಳಲ್ಲಿ ನಿಯಮ ಮುರಿಯದಿರುವ ಬಗೆಗಳು ಹದಿನೆಂಟು ಎಂದು ನೆಲದ ಮೇಲೆ ಖಡುವಿನಿಂದ ಬರೆದಳು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ಹದಿನೆಂಟೇ ಸರಿ. ಮೂರನೆಯದನ್ನು ಕಟ್ಟಲು ತಟ್ಟೆಯಲ್ಲಿ ಕಾಳು ಉಳಿದಿರಲಿಲ್ಲವಾದ್ದರಿಂದ, ಉಸುಳಿಗೆಂದು ಅವಳ ಅವ್ವ ತೆಗೆದಿರಿಸಿದ್ದರಲ್ಲಿ ಇನ್ನು ಮೂರನ್ನು ಬೇಡಿ ತರಲು ಅವಳು ಅಡುಗೆಮನೆಗೆ ಹೋದಳು.